ಐದನೇ ಭಾಗದ ಮುದುಕಿ

ಮೊನ್ನೆ ಪಕ್ಕದ ಮನೆಯಲ್ಲಿ ಮದುವೆ ಕರೆಯೋಲೆಯ ಲಕೋಟೆ ಅಂಟಿಸಲು ಮೈದಾ ಹಿಟ್ಟಿನ ಅಂಟು ಕಾಯಿಸುತ್ತಿದ್ದರು. ಕಿಟಕಿಯಿಂದ ಆ ವಾಸನೆ ಬಂದದ್ದೇ ತಡ, ನನಗೆ ತಡೆಯಲಾರದ ನಗು. ಒಗ್ಗರಣೆಯ ಸಾಸಿವೆ ಸೀದುಹೋಯಿತು. ಅಂಟಿನ ವಾಸನೆಗೆ ನಗುವ ಹೆಂಗಸನ್ನು ನೀವು ಕಂಡಿರಲಿಕ್ಕಿಲ್ಲ. ಕಾರಣ ಹೇಳುತ್ತೇನೆ, ಆಮೇಲೆ ನನ್ನ ಬಗ್ಗೆ ಏನು ಬೇಕಾದರೂ ಅಂದುಕೊಳ್ಳಿ.

ತೊಂಬತ್ತರ ದಶಕದ ಕೊನೆ. ಚಳ್ಳಕೆರೆಯಲ್ಲಿ ನಾವು ಐದು ಜನ ಹೆಂಗಸರು ಗುರುವಾರ ಮಧ್ಯಾಹ್ನ ನಮ್ಮ ಮನೆಯಲ್ಲಿ ಸೇರುತ್ತಿದ್ದೆವು. ಗಂಡಸರು ಎಣ್ಣೆ ಮಿಲ್ಲು, ಮಂಡಿ ಎಂದು ಹೊರಟ ಮೇಲೆ ಪಡಸಾಲೆ ನಮ್ಮದೇ. ಪುಸ್ತಕದ ಮಾತು ಅರ್ಧ ಗಂಟೆ, ಮಂಡಕ್ಕಿ ಮೆಣಸಿನಕಾಯಿ ಒಂದೂವರೆ ಗಂಟೆ. ಒಂದು ಸಲ ನಾನು ಚಿತ್ರದುರ್ಗದಿಂದ ಒಂದು ಕಾದಂಬರಿ ತಂದೆ. ಪ್ರತಿ ಒಂದೇ, ಓದುವವರು ಐವರು, ತಾಳ್ಮೆ ಒಬ್ಬರಿಗೂ ಇಲ್ಲ. ಈಳಿಗೆಮಣೆ ಎಳೆದುಕೊಂಡು ಪುಸ್ತಕವನ್ನು ಐದು ಭಾಗ ಮಾಡಿ ಕೊಯ್ದೆ. ಮೈದಾ ಅಂಟು ಕಾಯಿಸಿ ಒಂದೊಂದಕ್ಕೂ ಹಳೇ ಕ್ಯಾಲೆಂಡರಿನ ರಟ್ಟು ಹಾಕಿದೆ. ವಾರಕ್ಕೊಂದು ಭಾಗ, ಕೈಯಿಂದ ಕೈಗೆ. ಯಾರಿಗೆ ಯಾವುದು ಮೊದಲು ಸಿಕ್ಕಿತೋ ಅವರಿಗೆ ಕಥೆ ಅಲ್ಲಿಂದ ಶುರು. ನನ್ನ ಬುದ್ಧಿವಂತಿಕೆಗೆ ನಾನೇ ಬೀಗಿದೆ.

ಕಾದಂಬರಿಯೋ, ಬಲು ಸಾಧು. ಒಂದು ಮನೆ, ಒಬ್ಬ ವಯಸ್ಸಾದ ತಾಯಿ, ಇಬ್ಬರು ಸೊಸೆಯರು. ಯಾರೂ ಓಡಿಹೋಗುವುದಿಲ್ಲ, ಯಾರೂ ಯಾರಿಗೂ ವಿಷ ಹಾಕುವುದಿಲ್ಲ. "ಇದೇನೇ, ಇಪ್ಪತ್ತು ಪುಟ ಬರೀ ಉಪ್ಪಿನಕಾಯೇ ಹಾಕ್ತಾರಲ್ಲ," ಎಂದು ಗೊಣಗಿದವಳು ನಮ್ಮಲ್ಲಿ ಹಿರಿಯಳಾದ ಶಾಂತಕ್ಕ. ಅವಳಿಗೆ ಸಿಕ್ಕ ಎರಡನೇ ಭಾಗದಲ್ಲಿ ಹಿರಿಸೊಸೆ ಅಪ್ಪಟ ಚಿನ್ನ. ಮೂರನೇ ಭಾಗ ಓದಿದ ನಾಗರತ್ನಳ ಪ್ರಕಾರ ಮನೆಹಾಳಿ. ಜಗಳ ಹತ್ತಿತು. ಮುಂದಿನ ವಾರ ಮೂರನೇ ಭಾಗ ಕೈಗೆ ಬಂದು ಶಾಂತಕ್ಕ ಪಕ್ಷಾಂತರ ಮಾಡಿದಳು. ಅಷ್ಟರಲ್ಲಿ ನಾಲ್ಕನೆಯದಕ್ಕೆ ದಾಟಿದ್ದ ನಾಗರತ್ನ ಸೊಸೆಯನ್ನು ಕ್ಷಮಿಸಿಬಿಟ್ಟಿದ್ದಳು. ಜಗಳ ನಿಲ್ಲಲಿಲ್ಲ.

ಮೊದಲ ಭಾಗ ಸಿಕ್ಕಿದ್ದು ಗಿರಿಜಾಗೆ. ಮೊಳಕಾಲ್ಮುರು ಕಡೆಯವಳು, ಕೊಂಡ್ಲಹಳ್ಳಿ ತವರು. ಆಗ ಅವಳ ಅವ್ವ ಬಸಮ್ಮ ಎದೆನೋವು ಬಂದು ದಾವಣಗೆರೆಯಲ್ಲಿ ಆಸ್ಪತ್ರೆ ಸೇರಿದ್ದಳು. ಗಿರಿಜಾ ಬಸ್ಸಿನಲ್ಲಿ ಓಡಾಡುತ್ತಲೇ ಓದಿದಳು. "ಇವಳು ನಮ್ಮವ್ವನೇ ಕಣೇ," ಎಂದಳು. "ಬೆಲ್ಲ ಬಚ್ಚಿಡೋದು, ಆಮೇಲೆ ತಾನೇ ಕರ್ದು ಕೊಡೋದು, ಅಳತೆ ತಗಂಡು ಬರ್ದಂಗೈತೆ." ಕಥೆಯ ತಾಯಿಗೂ ಎದೆನೋವೇ. ಕೊನೆಯ ಭಾಗ ಮೊದಲು ಸಿಕ್ಕಿದ್ದು ನನಗೆ ಎಂದು ಅವಳಿಗೆ ಗೊತ್ತು. ಕೈ ಹಿಡಿದುಕೊಂಡಳು. "ಉಳೀತಾಳಾ? ಇವಳು ಉಳಿದ್ರೆ ನಮ್ಮವ್ವನೂ ಉಳೀತಾಳೆ. ಹಂಗಂತ ಮನಸ್ಸಲ್ಲಿ ಇಟ್ಕಂಡಿದೀನಿ."

ಐದನೇ ಭಾಗದ ಹನ್ನೆರಡನೇ ಪುಟದಲ್ಲಿ ಆ ತಾಯಿ ಸಾಯುತ್ತಾಳೆ. ಮುಂದಿನದೆಲ್ಲ ಅಳು. "ಉಳೀತಾಳೆ," ಎಂದೆ. "ಜಮ್ಮಂತ ಉಳೀತಾಳೆ." ಸುಳ್ಳು ಹೇಳುವಾಗ ಒಂದು ಪದ ಜಾಸ್ತಿ ಹಾಕುವುದು ನನ್ನ ಚಾಳಿ.

ಆದರೆ ಐದನೇ ವಾರಕ್ಕೆ ಆ ಭಾಗ ಅವಳ ಕೈಗೇ ಬರಬೇಕಲ್ಲ? ಉದ್ದನೆಯ ನೋಟ್‌ಬುಕ್ಕು ತಂದು ನಾನೇ ಬೇರೆ ಐದನೇ ಭಾಗ ಬರೆಯಲು ಕೂತೆ. ಅಲ್ಲಿಯವರೆಗಿನ ನನ್ನ ಮಹಾಕೃತಿ ಎಂದರೆ ದಿನಸಿ ಚೀಟಿ. ಮುದುಕಿಗೆ ಗಂಜಿ ಕುಡಿಸಿದೆ, ಎಬ್ಬಿಸಿ ಕೂರಿಸಿದೆ, ಅಂಗಳದಲ್ಲಿ ನಾಲ್ಕು ಹೆಜ್ಜೆ ನಡೆಸಿದೆ. ಉಳಿದ ಮೂವರಿಗೂ ಗುಟ್ಟು ಹೇಳಿ ಆಣೆ ಹಾಕಿಸಿಕೊಂಡೆ.

ಆಣೆ ಮುರಿದವಳು ಲಕ್ಷ್ಮಕ್ಕ. ರಾಂಪುರದವಳು, ಮನೆಮಾತು ತೆಲುಗು, ದುಃಖ ಬಂದರೆ ಅವಳ ಬಾಯಿಗೆ ಬೀಗವಿಲ್ಲ. ಗಿರಿಜಾಗೆ ಐದನೇ ಭಾಗ ಸೇರುವ ಹಿಂದಿನ ಗುರುವಾರ, ಮಂಡಕ್ಕಿ ಮೆಲ್ಲುತ್ತ, "ಪಾಪಂ, ಸಾಯೋಕೆ ಮುಂಚೆ ಹಾಲು ಬೇಕು ಅಂತಾಳಲ್ಲ, ನನ್ ಕೈಲಿ ತಡಕಣಾಕಾಗ್ಲಿಲ್ಲ," ಎಂದುಬಿಟ್ಟಳು.

"ಯಾರು ಸತ್ರು?" ಎಂದಳು ಗಿರಿಜಾ, ಮುಖ ಬಿಳಿಚಿಕೊಂಡು.

"ಹಸು," ಎಂದಳು ಶಾಂತಕ್ಕ.

"ಹಸು ಹಾಲು ಕೇಳ್ತಾ?"

"ಸತ್ತಿದ್ದು ಹಸು. ಹಾಲು ಕೇಳಿದ್ದು ಕಿರಿಸೊಸೆ. ನೀನು ಮಂಡಕ್ಕಿ ತಿನ್ನು."

ನಾಗರತ್ನ ಸೆರಗು ಬಾಯಿಗೆ ತುರುಕಿಕೊಂಡು ಹಿತ್ತಲಿಗೆ ಓಡಿದಳು. ಮಾರನೇ ದಿನ ನಾನು ನೋಟ್‌ಬುಕ್ಕಿನಲ್ಲಿ ಒಂದು ಹಸು ಕಟ್ಟಿ, ಎರಡು ಪುಟ ಮೇಯಿಸಿ, ಸಾಯಿಸಬೇಕಾಯಿತು.

ಅಂಟಿನ ಆಸೆಗೆ ಇಲಿ ಐದನೇ ಭಾಗ ಕಡಿದಿದೆ, ಅದಕ್ಕೇ ನಕಲು ಮಾಡಿದ್ದೇನೆ ಎಂದು ಹೇಳಿ ಕೊಟ್ಟೆ. ಗಿರಿಜಾ ದಾವಣಗೆರೆ ಬಸ್ಸಿನಲ್ಲಿ ಓದಿ ಮುಗಿಸಿದಳು. ಬಸಮ್ಮ ಅದರ ಮುಂದಿನ ವಾರ ಎದ್ದು ಮನೆಗೆ ಬಂದಳು. ಡಾಕ್ಟರು ತಮ್ಮ ಔಷಧಿ ಅಂದುಕೊಂಡರು, ನಾನು ನನ್ನ ಅಕ್ಷರ ಅಂದುಕೊಂಡೆ.

ಕಥೆ ಇಲ್ಲಿಗೆ ಮುಗಿದಿದ್ದರೆ ನನ್ನ ಮಾನ ಉಳಿಯುತ್ತಿತ್ತು. ಮಗಳ ಮನೆಯಲ್ಲಿ ಮಲಗಿ ಬೇಸರಬಂದ ಬಸಮ್ಮ ಐದೂ ಭಾಗ ಓದಿ, ಕೋಲೂರಿಕೊಂಡು ಗುರುವಾರ ಬಂದು ಕೂತಳು. "ಈ ಮುದುಕಿ ಸಾಯಬೇಕಿತ್ತು ಕಣ್ರವ್ವಾ," ಎಂದಳು. "ನಾಕು ಭಾಗ ಎಷ್ಟು ಚೆಂದ ಬರ್ದವ್ನು, ಐದನೇದ್ರಲ್ಲಿ ಯಾಕೋ ಅಂಜಿಬಿಟ್ಟವ್ನೆ. ಆ ಹಸುವಂತೂ ಸುಮ್ ಸುಮ್ನೆ ಸಾಯ್ತೈತೆ." ಮೂವರೂ ನನ್ನ ಕಡೆ ನೋಡಲಾರದೆ ತಟ್ಟೆ ನೋಡಿದರು. ನನಗೆ ಸಿಟ್ಟು ಬಂತು, ಸುಳ್ಳೇಕೆ. ಯಾರ ಜೀವ ಉಳಿಯಲೆಂದು ಬರೆದೆನೋ ಅವಳೇ ನನ್ನ ಮೊದಲ ವಿಮರ್ಶಕಿ.

ಬಸಮ್ಮ ಆಮೇಲೂ ಹನ್ನೊಂದು ವರ್ಷ ಎಲ್ಲರಿಗೂ ಬುದ್ಧಿ ಹೇಳಿಕೊಂಡು ಬಾಳಿದಳು. ಗಿರಿಜಾ ಈಗ ಮೊಳಕಾಲ್ಮುರಿನಲ್ಲಿದ್ದಾಳೆ. ಇದನ್ನು ನೆನೆಸಿಕೊಂಡು ನಾವು ನಾಲ್ವರು ಎಷ್ಟೋ ಸಲ ನಕ್ಕಿದ್ದೇವೆ, ಅವಳನ್ನು ಹೊರಗಿಟ್ಟು. ಮೊನ್ನೆ ಒಬ್ಬಳೇ ನಗುವಾಗ ಅದು ಚುಚ್ಚಿತು. ಒಲೆ ಆರಿಸಿ ಫೋನು ಮಾಡಿ ಎಲ್ಲ ಹೇಳಿದೆ.

ಅವಳು ನಗಲಿಲ್ಲ. "ಸತ್ಲಾ?" ಎಂದಳು. ಆಮೇಲೆ, "ನಮ್ಮವ್ವ ಹೋದ ದಿವ್ಸ ಏನನ್ಕಂಡೆ ಗೊತ್ತೇನೆ? ಆ ಕಥೆ ಮನೇಲಾದ್ರೂ ಒಬ್ಳು ಅವ್ವ ಇದಾಳಲ್ಲ ಅನ್ಕಂಡಿದ್ದೆ," ಎಂದಳು.

ಇಷ್ಟು ತಡವಾಗಿ ಸಾವಿನ ಸುದ್ದಿ ಮುಟ್ಟಿಸಿದ ಪಾಪಿ ನಾನೊಬ್ಬಳೇ ಇರಬೇಕು. "ಅಚ್ಚಾದ ಪುಟ ನನ್ ಹತ್ರ ಐತೆ, ಕಳಿಸ್ಲಾ?" ಎಂದೆ.

"ಬ್ಯಾಡ. ನೀನೇ ಇನ್ನೊಂದು ನಾಕು ಪುಟ ಬರ್ದು ಕಳ್ಸು."

ನಿನ್ನೆ ಸಂಜೆಗೆ ಎರಡು ಪುಟ ಆಯಿತು. ಮುದುಕಿ ಗಟ್ಟಿಮುಟ್ಟಾಗಿದ್ದಾಳೆ.