ಎಣ್ಣೆ ಕುಡಿದ ರೆಗ್ಯುಲೇಟರ್

ಹೊಲಿಗೆಯವಳು ಮನೆಯ ಮೀನಿನ ತೊಟ್ಟಿಯನ್ನು ಸವತಿ ಎಂದೇ ಕರೆಯುತ್ತಿದ್ದಳು. ಗಂಡ ಬದುಕಿದ್ದಾಗ ಅವಳೇ ಇಟ್ಟ ಹೆಸರು ಅದು.

ಅವನು ವೆಲ್ಡರ್. ಗೇಟು, ಕಿಟಕಿಯ ಸರಳು, ಮೆಟ್ಟಿಲ ಕಟಕಟೆ ಬೆಸೆಯುವ ಶೆಡ್ಡಿನಲ್ಲಿ ಕೆಲಸ. ಸಂಜೆ ಬಂದವನು ಕೈಕಾಲು ತೊಳೆದು ಸೀದಾ ತೊಟ್ಟಿಯ ಮುಂದೆ ಕುರ್ಚಿ ಎಳೆದುಕೊಂಡು ಕೂರುತ್ತಿದ್ದ.

"ದಿನವೆಲ್ಲ ಬೆಂಕಿ ನೋಡಿ ಕಣ್ಣು ಉರಿಯುತ್ತೆ ಕಣೇ. ಈ ಹಸಿರು ನೋಡಿದ್ರೆ ತಂಪು."

"ಹೆಂಡತಿ ಮುಖ ನೋಡಿದ್ರೆ ತಂಪಾಗಲ್ವಾ?"

"ಅದೂ ಒಂಥರಾ ಬೆಂಕೀನೇ."

ಅಂದಿನಿಂದ ತೊಟ್ಟಿ ಸವತಿಯಾಯಿತು. ಅವಳೇನೂ ಅದರ ಹತ್ತಿರ ಸುಳಿಯುತ್ತಿರಲಿಲ್ಲ. ಅದೇ ಕೋಣೆಯ ಇನ್ನೊಂದು ಮೂಲೆಯಲ್ಲಿ ಅವಳ ಮಿಷನ್ನು, ಪರದೆ ಬಟ್ಟೆಯ ರಾಶಿ. ಅವನು ಗಾಜಿಗೆ ಮುಖ, ಇವಳು ಗೋಡೆಗೆ ಮುಖ. ಮಾತು ಬೆನ್ನ ಹಿಂದಿನಿಂದಲೇ ನಡೆಯುತ್ತಿತ್ತು.

ಆ ತೊಟ್ಟಿಯಲ್ಲಿ ಮೀನಿಗಿಂತ ಗಿಡ ಹೆಚ್ಚು. ನೀರಿನೊಳಗಿನ ಗಿಡ ಹಾಗೆ ದಟ್ಟವಾಗಿ ಬೆಳೆಯಬೇಕಾದರೆ ಗ್ಯಾಸು ಉಣಿಸಬೇಕು. ಸೋಡಾದಲ್ಲಿರುತ್ತದಲ್ಲ, ಅದೇ ಗ್ಯಾಸು. ಮೇಜಿನ ಕೆಳಗೆ ಸಿಲಿಂಡರ್ ಇತ್ತು. ಅದರ ಕುತ್ತಿಗೆಗೆ ಹಿತ್ತಾಳೆಯ ರೆಗ್ಯುಲೇಟರ್, ಶೆಡ್ಡಿನಲ್ಲಿ ದುಡಿದು ಹಣ್ಣಾದದ್ದು. ಸಿಲಿಂಡರಿನೊಳಗಿನ ಗ್ಯಾಸು ಕಟ್ಟಿಹಾಕಿದ ಗೂಳಿ. ಅದನ್ನು ಹಗ್ಗ ಹಿಡಿದು ಮೆಲ್ಲಗೆ ಹೊರಗೆ ನಡೆಸುವುದು ರೆಗ್ಯುಲೇಟರಿನ ಕೆಲಸ. ಅಲ್ಲಿಂದ ಅದು ಕೊಳವೆಯಲ್ಲಿ ಗುಳ್ಳೆಗುಳ್ಳೆಯಾಗಿ ತೊಟ್ಟಿಗೆ ಹೋಗುತ್ತದೆ. ಬೆಳಿಗ್ಗೆ ತೊಟ್ಟಿಯ ದೀಪ ಹಾಕಿ ತಿರುಪು ತೆರೆಯಬೇಕು, ಸಂಜೆ ದೀಪ ಆರಿಸಿ ಮುಚ್ಚಬೇಕು. ಕತ್ತಲಲ್ಲಿ ಗಿಡ ಗ್ಯಾಸು ತಿನ್ನುವುದಿಲ್ಲ, ಅದು ನೀರಲ್ಲೇ ಉಳಿದು ಮೀನಿನ ಉಸಿರು ಕಟ್ಟುತ್ತದೆ.

ಅವನು ಹೋದದ್ದೂ ಆ ಕುರ್ಚಿಯಲ್ಲೇ. ದೀಪ ಆರಿಸಿದ, ತಿರುಪು ಮುಚ್ಚಿದ, ಕೂತ. ಅವಳು ಪರದೆಯ ಅಂಚು ಮಡಿಸಿ ಹೊಲಿಯುತ್ತಿದ್ದಳು. ತಿರುಗದೆಯೇ "ಊಟಕ್ಕೆ ಏಳ್ರೀ" ಎಂದಳು. ಏಳಲಿಲ್ಲ. ಎದೆ ನಿಂತುಹೋಗಿತ್ತು.

ಬಂದವರೆಲ್ಲ ಬಂದರು, ಅತ್ತವರೆಲ್ಲ ಅತ್ತರು, ಹೋದರು. ಮನೆ ಖಾಲಿಯಾದ ಮೇಲೆ ಅವಳ ಕಣ್ಣು ತೊಟ್ಟಿಯ ಮೇಲೆ ಬಿತ್ತು. ಮೀನು ಬದುಕಿದ್ದವು. ಗಿಡದ ಎಲೆ ಬಿಳಿಚಿಕೊಂಡಿತ್ತು. ಸವತಿಯನ್ನು ಸಾಕುವುದು ಅವಳ ಪಾಲಿಗೇ ಬಂತು.

ದೀಪ ಹಾಕಿದಳು. ತಿರುಪು ತೆರೆಯಲು ಹೋದರೆ ಜಪ್ಪಯ್ಯ ಎಂದರೂ ಅಲ್ಲಾಡಲಿಲ್ಲ. ಕಬ್ಬಿಣ ಬಗ್ಗಿಸುವ ಕೈ ಮುಚ್ಚಿದ್ದು, ನೂಲು ಹಿಡಿಯುವ ಕೈಗೆ ಬರುತ್ತದೆಯೇ. ಮಿಷನ್ನು ಬಿಗಿಯಾದಾಗ ಏನು ಮಾಡುತ್ತಾಳೋ ಅದನ್ನೇ ಮಾಡಿದಳು. ಎಣ್ಣೆ ಡಬ್ಬಿ ತಂದು ಒಂದು ಹನಿ ಬಿಟ್ಟಳು, ಕಾದಳು, ತಿರುಗಿಸಿದಳು. ತೆರೆಯಿತು. ಸಂಜೆ ಮುಚ್ಚುವಾಗ ಅವನು ಮುಚ್ಚಿದಷ್ಟೇ ಬಿಗಿಯಾಗಿ ಮುಚ್ಚಿದಳು. ಅದಕ್ಕಿಂತ ಸಡಿಲ ಬಿಟ್ಟರೆ ಮುಚ್ಚಿದ ಹಾಗೆ ಅನಿಸುತ್ತಿರಲಿಲ್ಲ. ಆಮೇಲೆ ಮಿಷನ್ನಿಗೆ ಎಣ್ಣೆ ಬಿಟ್ಟಾಗಲೆಲ್ಲ ಇದಕ್ಕೂ ಒಂದು ಹನಿ.

ತೊಟ್ಟಿಯ ಒಳಗೋಡೆಗೆ ಗಂಡ ಒಂದು ಪುಟ್ಟ ಗಾಜಿನ ಬುಡ್ಡಿ ಅಂಟಿಸಿದ್ದ. ಅದರೊಳಗಿನ ನೀರು ಹಸಿರಿದ್ದರೆ ಗ್ಯಾಸು ಸರಿ, ಹಳದಿಯಾದರೆ ಅತಿಯಾಯಿತು ಎಂದು ಅರ್ಥ. ಒಂದು ಮಧ್ಯಾಹ್ನ ಅವಳು ಪರದೆ ಕೊಟ್ಟು ಬಂದು ನೋಡಿದರೆ ಬುಡ್ಡಿ ನಿಂಬೆಹಣ್ಣಿನ ಬಣ್ಣಕ್ಕೆ ತಿರುಗಿತ್ತು. ಮೀನೆಲ್ಲ ಮೇಲೆ ಬಂದು ಬಾಯಿ ಬಾಯಿ ಬಿಡುತ್ತಿದ್ದವು. ತಿರುಪು ಮುಚ್ಚಿದಳು, ಗುಳ್ಳೆ ನಿಲ್ಲಲಿಲ್ಲ. ಸಿಲಿಂಡರಿನ ತಲೆಯನ್ನೇ ತಿರುಗಿಸಿ ಮುಚ್ಚಿದಳು. ಆಮೇಲೆ ಮಗ್ಗು ತಂದು ತೊಟ್ಟಿಯ ನೀರನ್ನೇ ಮೊಗೆದು ಎತ್ತರದಿಂದ ಸುರಿದಳು, ಮತ್ತೆ ಮೊಗೆದಳು, ಮತ್ತೆ ಸುರಿದಳು. ನೀರಿಗೆ ಗಾಳಿ ಸೇರಲಿ ಎಂದು ಗಂಡ ಹಾಗೆ ಮಾಡಿದ್ದನ್ನು ಒಮ್ಮೆ ಕಂಡಿದ್ದಳು.

ಅಷ್ಟರಲ್ಲಿ ಬೀದಿಯಾಚೆ ಇರುವ ತಂಗಿ ಬಂದಳು.

"ಸವತಿ ಅಂತ ಬೈತಿದ್ದೆ. ಈಗ ಸವತಿಗೆ ಸ್ನಾನ ಮಾಡಿಸ್ತಿದ್ದೀಯಾ?"

"ಬಾಯಿ ಮುಚ್ಚಿಕೊಂಡು ಇನ್ನೊಂದು ಮಗ್ಗು ತಗೊಂಡು ಬಾ."

ಇಬ್ಬರೂ ಸೇರಿ ಸುರಿದರು. ಕೆಲವು ಮೀನು ಕೆಳಗಿಳಿದವು, ಕೆಲವು ತೇಲಿದವು. ತಳದಲ್ಲಿ ಮಾವ ಮಗ್ಗುಲಾಗಿ ಬಿದ್ದಿದ್ದ. ಮಾವ ಎಂದರೆ ತೊಟ್ಟಿಯಲ್ಲಿ ಎಲ್ಲಕ್ಕಿಂತ ಹಳೆಯ ಮೀನು. ಬಾಯಿಯ ಎರಡು ಕಡೆ ಮೀಸೆ. "ಥೇಟ್ ನಿಮ್ಮಪ್ಪ" ಎಂದು ಗಂಡ ಹೆಸರಿಟ್ಟಿದ್ದ. ಮಾವನ ಕಿವಿರು ಇನ್ನೂ ಆಡುತ್ತಿತ್ತು.

"ಯಾರಿಗಾದ್ರೂ ಕೊಟ್ಟುಬಿಡು ಅಕ್ಕ," ಎಂದಳು ತಂಗಿ. "ಭಾವನೇ ಇಲ್ಲ, ಇದ್ಯಾಕೆ ತಲೆನೋವು? ಆ ಜಾಗದಲ್ಲಿ ಇನ್ನೊಂದು ಮಿಷನ್ ಹಾಕು."

"ಮಿಷನ್ನನ್ನ ಬೈದ್ರೆ ಏನು ಬಂತು? ಮನೇಲಿ ಬೈಯೋಕೆ ಯಾರಾದ್ರೂ ಬೇಕಲ್ಲ."

ತಂಗಿ ಮತ್ತೆ ಮಗ್ಗು ಎತ್ತಿಕೊಂಡಳು.

ಮರುದಿನ ಶೆಡ್ಡಿನಿಂದ ಕಿಡಿ ಬಂದ. ಗಂಡನ ಜತೆಗಾರ. ನಾಲಿಗೆ ಸುಮ್ಮನಿರುವುದಿಲ್ಲ ಎಂದು ಆ ಹೆಸರು. ರೆಗ್ಯುಲೇಟರ್ ಬಿಚ್ಚಿ ಬೆರಳಾಡಿಸಿ ಮೂಸಿ ನೋಡಿದ.

"ಅತ್ತಿಗೆ, ಇದಕ್ಕೆ ಎಣ್ಣೆ ಬಿಟ್ರಾ?"

"ಬಿಟ್ಟೆ."

"ಚೆನ್ನಾಗೇ ಕುಡಿಸಿದ್ದೀರಿ. ಅಣ್ಣ ಇದ್ದಿದ್ರೆ ಎಣ್ಣೆ ಡಬ್ಬಿ ಜತೆ ನಿಮ್ಮನ್ನೂ ಆಚೆ ಹಾಕೋರು. ಸಿಲಿಂಡರ್ ಹತ್ರ ಎಣ್ಣೆ ಕೈ ತರಬಾರದು ಅನ್ನೋದು ಶೆಡ್ಡಿನಲ್ಲಿ ಮೊದಲನೇ ಪಾಠ."

"ನಿನಗೆ ಹೇಳಿಕೊಟ್ರು. ನನಗ್ಯಾರು ಹೇಳಿದ್ರು?"

ಕಿಡಿ ಒಳಗಿನ ರಬ್ಬರು ತೆಗೆದು ತೋರಿಸಿದ. ಎಣ್ಣೆಗೆ ಊದಿ ಮೆತ್ತಗಾಗಿತ್ತು. ತಿರುಪಿನ ತುದಿಯಲ್ಲಿ ಸೂಜಿಯಂಥದೊಂದು ಇರುತ್ತದೆ, ಅದು ಕೂರುವ ಜಾಗ ಬಿಗಿತಕ್ಕೆ ಸವೆದಿತ್ತು. "ಹೊಸ ರಬ್ಬರ್ ಬೇಕಾದ್ರೆ ಹಾಕಿಕೊಡ್ತೀನಿ. ಅಣ್ಣನ ಕೈಯಾಡಿದ ವಸ್ತು, ನಿಮಗೆ ಬಿಡೋಕೆ ಮನಸ್ಸಾಗಲ್ಲ ಅಂತ ಗೊತ್ತು. ಆದ್ರೆ ಮೀನು ಉಳಿಯುತ್ತೆ ಅಂತ ನಾನು ಮಾತು ಕೊಡಲ್ಲ."

ಅವಳು ತೊಟ್ಟಿಯ ತಳ ನೋಡಿದಳು. ಮಾವ ನೆಟ್ಟಗಾಗಿದ್ದ, ಈಜುತ್ತಿರಲಿಲ್ಲ.

"ಅಂಗಡಿಗೆ ನಡಿ," ಎಂದಳು.

ಅಕ್ವೇರಿಯಂ ಅಂಗಡಿಯವನು ಗಾಜಿನ ಕಟ್ಟೆಯ ಮೇಲೆ ರೆಗ್ಯುಲೇಟರುಗಳನ್ನು ತೆಗೆದಿಟ್ಟ. "ಇದು ಒಂದು ಮೆಟ್ಟಿಲಿಂದು, ಇದು ಎರಡು ಮೆಟ್ಟಿಲಿಂದು. ಅಟ್ಟದಿಂದ ಒಂದೇ ಸಲ ಧುಮುಕೋದಕ್ಕೂ ಮಧ್ಯೆ ಕಾಲೂರಿ ಇಳಿಯೋದಕ್ಕೂ ವ್ಯತ್ಯಾಸ ಇದೆಯಲ್ಲ, ಹಾಗೆ. ಸಿಲಿಂಡರ್ ಖಾಲಿಯಾಗೋ ಹೊತ್ತಿಗೆ ಒಂದು ಮೆಟ್ಟಿಲಿಂದು ಒಮ್ಮೊಮ್ಮೆ ಉಳಿದ ಗ್ಯಾಸೆಲ್ಲ ಒಟ್ಟಿಗೇ ಬಿಟ್ಟುಬಿಡುತ್ತೆ. ಎರಡು ಮೆಟ್ಟಿಲಿಂದು ಕೊನೇವರೆಗೂ ಒಂದೇ ಸಮ."

"ಕೆಲವರು ಹಾಗೇ. ಸಾಯೋ ಹೊತ್ತಲ್ಲಿ ಒಳಗಿರೋದನ್ನೆಲ್ಲ ಕಾರಿಕೊಂಡು ಹೋಗ್ತಾರೆ," ಎಂದ ಕಿಡಿ. ಹೇಳಿದ ಮೇಲೆ ಎದುರಿಗಿರುವುದು ಯಾರು ಎಂದು ಹೊಳೆದು ನಾಲಿಗೆ ಕಚ್ಚಿಕೊಂಡ.

"ಅವರು ಹಾಗೆ ಹೋಗಲಿಲ್ಲ ಬಿಡು," ಎಂದಳು ಅವಳು. "ಎರಡು ಮೆಟ್ಟಿಲಿಂದೇ ಕೊಡಿ."

"ಇದರಲ್ಲೂ ಎರಡು ಥರ ಇದೆ ಅಮ್ಮ. ಇದಕ್ಕೆ ಆಯಸ್ಕಾಂತದ ಬಾಗಿಲಿದೆ. ದೀಪ ಹತ್ತಿದ್ರೆ ತಾನೇ ತೆರೆಯುತ್ತೆ, ಆರಿದ್ರೆ ತಾನೇ ಮುಚ್ಚುತ್ತೆ. ಕರೆಂಟು ಹೋದ್ರೂ ಮುಚ್ಚಿಕೊಳ್ಳುತ್ತೆ. ದೀಪಕ್ಕೂ ಇದಕ್ಕೂ ಸೇರಿ ಒಂದು ಗಡಿಯಾರದ ಸ್ವಿಚ್ಚು ಹಾಕಿಬಿಟ್ರೆ ಮುಗೀತು."

"ಆಮೇಲೆ ನಾನೇನು ಮಾಡಬೇಕು?"

"ಏನೂ ಇಲ್ಲ. ಅದೇ ಅನುಕೂಲ."

"ಹಾಗಾದ್ರೆ ಬೇಡ. ಕೈಯಲ್ಲಿ ತಿರುಗಿಸೋದನ್ನೇ ಕೊಡಿ."

ಬೆಳಿಗ್ಗೆ ತೆರೆಯುವುದು, ಸಂಜೆ ಮುಚ್ಚುವುದು. ಅವನು ಬಿಟ್ಟುಹೋದ ಕೆಲಸ ಅಂತ ಇದ್ದದ್ದು ಅವೆರಡೇ. ಅವನ್ನೂ ಗಡಿಯಾರದ ಕೈಗೆ ಕೊಡುವುದೇ?

ಅಂಗಡಿಯವನು ಕೈ ತಿರುಪಿನದನ್ನು ಮುಂದಿಟ್ಟ. ಅವಳು ಹಿಡಿದು ತೆರೆದಳು. ಬೆಣ್ಣೆಯಲ್ಲಿ ಕೂದಲೆಳೆದ ಹಾಗೆ ತಿರುಗಿತು. ಮುಚ್ಚಿದಳು. ಇನ್ನೂ ಸ್ವಲ್ಪ ಬಿಗಿ ಮಾಡಿದಳು, ಇನ್ನೂ ಸ್ವಲ್ಪ.

"ಅಯ್ಯೋ, ಅಷ್ಟು ಬೇಡ ಅಮ್ಮ. ಮುಟ್ಟಿದ್ರೆ ಸಾಕು. ಬಿಗಿ ಮಾಡಿದ್ರೆ ಒಳಗಿನ ಸೂಜಿ ಹಾಳಾಗುತ್ತೆ."

ಅವಳು ಕೈ ತೆಗೆದಳು. ಇನ್ನೊಂದು ಸಲ ಪ್ರಯತ್ನಿಸಿದಳು. ಮೆಲ್ಲಗೆ ಮುಚ್ಚಬೇಕು ಎಂದುಕೊಂಡೇ ಹಿಡಿದಳು. ಕೈ ಕೇಳಲಿಲ್ಲ. ಅವನು ಕೊನೆಯ ಸಲ ಮುಚ್ಚಿದ್ದ ಬಿಗಿತವೇ ಅದಕ್ಕೆ ಗೊತ್ತಿದ್ದ ಅಳತೆ.

"ನೀವು ಇದನ್ನೂ ಕೊಲ್ತೀರಿ ಅತ್ತಿಗೆ," ಎಂದ ಕಿಡಿ. ಈ ಸಲ ನಾಲಿಗೆ ಕಚ್ಚಿಕೊಳ್ಳಲಿಲ್ಲ.

ಅವಳು ಅಂಗಡಿಯ ತೊಟ್ಟಿಗಳ ಕಡೆ ಸ್ವಲ್ಪ ಹೊತ್ತು ನೋಡಿದಳು. ಮೀನಿಗೆ ಯಾರ ಕೈಯಾದರೇನು. ಅದಕ್ಕೆ ಉಸಿರು ಬೇಕು.

"ಆಯಸ್ಕಾಂತದ್ದೇ ಕಟ್ಟಿಕೊಡಿ."

ಕಿಡಿ ಮನೆಗೆ ಬಂದು ಜೋಡಿಸಿದ. ಸಂದಿಗಳಿಗೆ ಸೋಪಿನ ನೀರು ಹಚ್ಚಿ ಗ್ಯಾಸು ಸೋರುತ್ತಿಲ್ಲ ಎಂದು ನೋಡಿಕೊಂಡ. ಗುಳ್ಳೆ ಎಷ್ಟು ಬರಬೇಕೋ ಅಷ್ಟಕ್ಕೆ ತಿರುಪು ಹೊಂದಿಸಿ, "ಇನ್ನು ಇದನ್ನ ಮುಟ್ಟಿದ್ರೆ ನನ್ನಾಣೆ" ಎಂದ. ಎಣ್ಣೆ ಡಬ್ಬಿಯನ್ನು ತಾನೇ ಎತ್ತಿ ಮಿಷನ್ನಿನ ಖಾನೆಯೊಳಗಿಟ್ಟ. ಹಳೆಯ ರೆಗ್ಯುಲೇಟರನ್ನು ಚೀಲಕ್ಕೆ ಹಾಕಿಕೊಳ್ಳಲು ಹೋದ.

"ಅದು ಇಲ್ಲಿರಲಿ."

"ಏನು ಮಾಡ್ತೀರಿ ಇದನ್ನ?"

"ಭಾರ ಇದೆಯಲ್ಲ. ಬೇಕಾಗುತ್ತೆ."

ಮರುದಿನ ಬೆಳಿಗ್ಗೆ ಅವಳು ಅಭ್ಯಾಸಬಲದಿಂದ ಮೇಜಿನ ಹತ್ತಿರ ಹೋಗಿ ಬಗ್ಗಿದಳು. ಕೈ ಚಾಚುವ ಮೊದಲೇ ದೀಪ ಹತ್ತಿತು. ಕೆಳಗೆ ಟಕ್ ಎಂದಿತು. ಕೊಳವೆಯಲ್ಲಿ ಗುಳ್ಳೆ ಹೊರಟಿತು. ಮಾಡಲು ಏನೂ ಇರಲಿಲ್ಲ.

ಗಂಡ ಹೋದ ಮೇಲೆ ಆ ಕುರ್ಚಿಯಲ್ಲಿ ಯಾರೂ ಕೂತಿರಲಿಲ್ಲ. ಅದರ ಮೇಲೆ ಮಡಿಸಿಟ್ಟಿದ್ದ ಬಟ್ಟೆ ತೆಗೆದು ಮಿಷನ್ನಿನ ಮೇಲೆ ಹಾಕಿದಳು. ಕೂತಳು. ಇಷ್ಟು ವರ್ಷ ಒಂದೇ ಕೋಣೆಯಲ್ಲಿದ್ದರೂ ಸವತಿಯನ್ನು ಎದುರಿಗೆ ಕೂತು ನೋಡಿದ್ದು ಅದೇ ಮೊದಲು. ಎಲೆಗಳ ಬೆನ್ನಿಗೆ ಸಣ್ಣ ಸಣ್ಣ ಗುಳ್ಳೆ ಅಂಟಿಕೊಂಡಿದ್ದವು. ಕಲ್ಲಿನ ಸಂದಿಯಿಂದ ಮಾವ ಮೀಸೆ ಆಡಿಸುತ್ತಾ ಹೊರಗೆ ಬಂದು, ಗಾಜಿನವರೆಗೆ ಬಂದು, ತಿರುಗಿ ಹೋದ.

ಆಮೇಲೆ ಎದ್ದಳು. ಹಳೆಯ ರೆಗ್ಯುಲೇಟರನ್ನು ಒರೆಸಿದಳು. ಎಷ್ಟು ಒರೆಸಿದರೂ ಎಣ್ಣೆ ಜಿಡ್ಡು ಹೋಗಲಿಲ್ಲ. ಪರದೆಯ ಉಳಿಕೆ ಬಟ್ಟೆಯಲ್ಲಿ ಅದಕ್ಕೊಂದು ಚೀಲ ಹೊಲಿದು, ಒಳಗಿಟ್ಟು, ಬಾಯಿಯನ್ನೂ ಹೊಲಿದುಬಿಟ್ಟಳು. ನೆಲದ ಮೇಲೆ ಹೊಸ ಬಟ್ಟೆ ಹಾಸಿದಳು. ಅದು ಸರಿಯದ ಹಾಗೆ ಒಂದು ತುದಿಗೆ ಆ ಭಾರ ಇಟ್ಟಳು, ಕತ್ತರಿ ಎತ್ತಿಕೊಂಡಳು.