ಶನಿವಾರ ಕಿವಿಯಲ್ಲಿ ಬಿದ್ದ ಶಬ್ದ

ಮೊನ್ನೆ ಮುಂಜಾನೆ ಚಹಾಕ್ಕೆಂದು ಯಾಲಕ್ಕಿ ಜಜ್ಜುತ್ತಿದ್ದೆ. ಘಮ ಮೂಗಿಗೆ ಬಡಿದದ್ದೇ ತಡ, ಬಲಗಿವಿಯಲ್ಲಿ ಕಚಗುಳಿ ಇಟ್ಟಂತಾಯಿತು. ಯಾಲಕ್ಕಿಗೂ ಕಿವಿಗೂ ಏನು ಸಂಬಂಧ ಎಂದು ಯಾರಾದರೂ ನಕ್ಕಾರು. ನಮ್ಮ ಇಂಗ್ಲಿಷ್ ಅಕ್ಕೋರ ಹತ್ತಿರ ಕಲಿತವರು ಮಾತ್ರ ನಗುವುದಿಲ್ಲ.

ಎಪ್ಪತ್ತರ ದಶಕದ ರಾಮದುರ್ಗ ಅದು. ಶಾಲೆಯಲ್ಲಿ ಕಲಿಸುವ ಹೆಣ್ಣುಮಕ್ಕಳಿಗೆಲ್ಲ ನಾವು ಅಕ್ಕೋರು ಎನ್ನುತ್ತಿದ್ದೆವು. ಇವರು ಗಿಡ್ಡ ಆಳು, ನಡಿಗೆ ಮಾತ್ರ ಭಾರಿ ಚುರುಕು. ತಮಾಷೆ ಹೇಳುವ ಮೊದಲೇ ತಾವು ನಕ್ಕುಬಿಡುತ್ತಿದ್ದರು. ಹೀಗಾಗಿ ಅವರ ಎಷ್ಟೋ ತಮಾಷೆಗಳು ಏನೆಂದು ನಮಗೆ ಇವತ್ತಿಗೂ ಗೊತ್ತಿಲ್ಲ... ಸೆರಗಿನ ತುದಿಯ ಗಂಟಿನಲ್ಲಿ ಸದಾ ಯಾಲಕ್ಕಿ ಇರುತ್ತಿತ್ತು. ಪಾಠ ಮಾಡುವಾಗಲೂ ಒಂದು ದವಡೆಯಲ್ಲಿರುತ್ತಿತ್ತು.

ಇಂಗ್ಲಿಷ್ ಅಂದರೆ ಎದೆ ಢವಢವ ಎನ್ನುತ್ತಿದ್ದ ಹುಡುಗಿಯರು ನಾವು. ಪುಸ್ತಕದ ಹಿಂದಿನ ಕಠಿಣ ಪದಗಳನ್ನು ರಾತ್ರಿ ಬಾಯಿಪಾಠ ಮಾಡಿ ಮುಂಜಾನೆ ಮರೆಯುತ್ತಿದ್ದೆವು. ಅಕ್ಕೋರು ಅದನ್ನು ನೋಡಿ ನೋಡಿ ಸಾಕಾಗಿ ಒಂದು ಆಟ ಹೂಡಿದರು. ಶನಿವಾರ ಮುಂಜಾನೆಯ ಶಾಲೆ ಬಿಡುವ ಮುನ್ನ ಒಬ್ಬಳನ್ನು ಕರೆದು, ಅವಳ ಕಿವಿಯಲ್ಲಿ ಒಂದು ಇಂಗ್ಲಿಷ್ ಶಬ್ದ, ಅದರ ಅರ್ಥ ಎರಡನ್ನೂ ಉಸುರುತ್ತಿದ್ದರು. ಮುಂದಿನ ಶನಿವಾರದವರೆಗೆ ಅವಳು ಆ ಶಬ್ದದಂತೆಯೇ ಬದುಕಬೇಕು, ಶಬ್ದದ ಗುಟ್ಟು ಮಾತ್ರ ಬಿಟ್ಟುಕೊಡಬಾರದು. ನಾವು ಉಳಿದವರು ಅವಳ ಬೆನ್ನು ಹತ್ತಿ ನಡತೆ ನೋಡಬೇಕು, ಶನಿವಾರ ಅರ್ಥ ಹೇಳಬೇಕು. ಅರ್ಥ ಸಿಕ್ಕ ಮೇಲೆಯೇ ಶಬ್ದ ಹಲಗೆಯ ಮೇಲೆ ಬರುತ್ತಿತ್ತು. ವಾರವಿಡೀ ಕಣ್ಣಾರೆ ಕಂಡದ್ದನ್ನು ಮರೆಯುವುದು ಹೇಗೆ?

ಒಬ್ಬಳು ವಾರವಿಡೀ ಬಾಯಿ ಮುಚ್ಚಲಿಲ್ಲ. ಗಣಿತದ ಮಾಸ್ತರರು ಅವಳನ್ನು ಬಾಗಿಲ ಹೊರಗೆ ನಿಲ್ಲಿಸಿದರೆ ಅಲ್ಲಿ ಗಂಟೆ ಬಾರಿಸುವ ಸಿಪಾಯಿಯ ಜೊತೆ ಮಾತಿಗಿಳಿದಳು. ಗ್ಯಾರುಲಸ್ ಎಂಬ ಶಬ್ದವನ್ನು ನಾವು ಹಾಗೆ ಕಲಿತೆವು. ನನ್ನ ಗೆಳತಿಗೆ ಮೆಲಂಕಲಿ ಬಂದಾಗಲಂತೂ ದೊಡ್ಡ ರಾದ್ಧಾಂತವೇ ಆಯಿತು. ಆಕೆ ಮನೆಯಲ್ಲಿ ಮೋರೆ ಜೋತುಬಿಟ್ಟು, ಗೋಡೆಗೆ ಒರಗಿ, ನಿಟ್ಟುಸಿರು ಬಿಡುತ್ತ ಕುಳಿತಳು. ಹೊಳೆ ಕಡೆ ಹೋದಾಗ ಮಗಳಿಗೆ ಗಾಳಿ ಸೋಕಿದೆ ಎಂದು ಅವಳ ಅವ್ವ ತಾಯತ ಕಟ್ಟಿಸಿದಳು. ಶನಿವಾರ ಹುಡುಗಿ ಕುಣಿಯುತ್ತ ಮನೆಗೆ ಬಂದಾಗ ತಾಯತ ಕಟ್ಟಿದವನಿಗೆ ತೆಂಗಿನಕಾಯಿ, ಜಂಪರಿನ ಬಟ್ಟೆ ಎರಡೂ ಕಾಣಿಕೆಯಾಗಿ ಹೋದವು. ನಿಜಸಂಗತಿಯನ್ನು ನಾವ್ಯಾರೂ ಹೇಳಲಿಲ್ಲ. ಹೇಳಿದ್ದರೂ ಆ ಅವ್ವ ನಂಬುತ್ತಿರಲಿಲ್ಲ.

ನನ್ನ ಸರದಿ ಬಂದದ್ದು ಹತ್ತನೆಯ ಇಯತ್ತೆಯ ಕೊನೆಗೆ. ಆಗ ನನಗೆ ಆಟದ ಮೇಲೆ ಮನಸ್ಸಿರಲಿಲ್ಲ. ಬೈಲಹೊಂಗಲದಲ್ಲಿ ಚಿಗವ್ವನ ಮನೆಯಲ್ಲಿದ್ದು ಕಾಲೇಜು ಕಲಿಯಬೇಕೆಂಬ ಆಸೆ ನನ್ನದು. ಬಜಾರಿನಲ್ಲಿ ಸೈಕಲ್ ಅಂಗಡಿ ಇಟ್ಟಿದ್ದ ಅಪ್ಪ, ಹೆಣ್ಣುಹುಡುಗಿ ಪರ ಊರಿನಲ್ಲಿ ಇರುವುದು ಬೇಡ, ಕಲಿತದ್ದು ಸಾಕು ಎಂದುಬಿಟ್ಟಿದ್ದ. ನಾನು ಒಮ್ಮೆ ಕೇಳಿ, ಅತ್ತು, ಸುಮ್ಮನಾಗಿದ್ದೆ. ಇದೆಲ್ಲ ಅಕ್ಕೋರಿಗೆ ಗೊತ್ತಿತ್ತು. ಆ ಶನಿವಾರ ಯಾಲಕ್ಕಿ ಘಮದೊಂದಿಗೆ ನನ್ನ ಕಿವಿಗೆ ಬಿದ್ದ ಶಬ್ದ ಟಿನೇಶಸ್. ಹಿಡಿದದ್ದನ್ನು ಬಿಡದವಳು ಎಂದು ಅರ್ಥ.

ಮನೆಗೆ ಹೋದವಳೇ ಕೇಳಲು ಶುರು ಮಾಡಿದೆ. ಅಪ್ಪ ಕಾಲು ತೊಳೆಯುವಾಗ ಕೇಳಿದೆ, ರೊಟ್ಟಿ ಮುರಿಯುವಾಗ ಕೇಳಿದೆ. ಅಂಗಡಿಗೆ ಬುತ್ತಿ ಒಯ್ದಾಗ, ಅವನು ಟ್ಯೂಬನ್ನು ನೀರಿನ ಬೋಗುಣಿಯಲ್ಲಿ ಅದ್ದಿ ಗುಳ್ಳೆ ನೋಡುತ್ತಿದ್ದಾಗಲೂ ಕೇಳಿದೆ. ಅಪ್ಪ ಮೊದಲು ಗದರಿದ, ಆಮೇಲೆ ಕಿವುಡನಂತೆ ಕುಳಿತ. ನಾನು ಅಳಲಿಲ್ಲ, ಸಿಟ್ಟೂ ಮಾಡಲಿಲ್ಲ, ಕೇಳುವುದನ್ನಷ್ಟೇ ಬಿಡಲಿಲ್ಲ. ಯಾರು ಹೇಳಿಕೊಟ್ಟರೆಂದು ಅವ್ವ ಹೊರಳಿ ಹೊರಳಿ ಕೇಳಿದ್ದಕ್ಕೆ, ಇಂಗ್ಲಿಷ್ ಶಬ್ದ ಕೊಟ್ಟಿದ್ದಾರೆ ಎಂದಷ್ಟೇ ಹೇಳಿದೆ.

ಶನಿವಾರ ತರಗತಿಯಲ್ಲಿ ನನ್ನ ಶಬ್ದದ ಅರ್ಥ ಯಾರಿಗೂ ಹೊಳೆಯಲಿಲ್ಲ. ನಾನು ನಡೆಸಿದ್ದೆಲ್ಲ ಮನೆಯಲ್ಲಿ, ಇವರು ನೋಡುವುದೆಲ್ಲಿಂದ? ಅಷ್ಟರಲ್ಲಿ ಬಾಗಿಲಲ್ಲಿ ಅಪ್ಪ! ಕೈಗೆಲ್ಲ ಗ್ರೀಸು.

“ಅಕ್ಕೋರ, ಈ ಹುಡುಗಿ ಶಬ್ದಾ ಬದಲ ಮಾಡ್ರಿ,” ಎಂದ. “ಉಣ್ಣಾಕ ಕುಂತ್ರ ಕಾಲೇಜು, ಪಂಕ್ಚರ್ ಹಚ್ಚಾಕ ಕುಂತ್ರ ಕಾಲೇಜು. ಉಡಾ ಹಿಡದಂಗ ಹಿಡದಾಳ್ರಿ, ಬಿಡವಲ್ಲಳು.”

ಇಡೀ ತರಗತಿ ಎದ್ದು ನಿಂತು ಅರ್ಥ ಹೇಳಿತು. ಅಕ್ಕೋರು ನಗುತ್ತಲೇ ಟಿನೇಶಸ್ ಎಂದು ಹಲಗೆಯ ಮೇಲೆ ದೊಡ್ಡದಾಗಿ ಬರೆದರು. ಆಮೇಲೆ ಸೆರಗಿನ ಗಂಟು ಬಿಚ್ಚಿ ಅಪ್ಪನ ಕೈಗೆ ಒಂದು ಯಾಲಕ್ಕಿ ಇಟ್ಟರು.

“ಕೊಟ್ಟ ಶಬ್ದಾ ವಾಪಸ್ ತಗೊಳ್ಳೂ ಪದ್ಧತಿ ನಮ್ಮಲ್ಲಿ ಇಲ್ರಿ ಅಣ್ಣಾರ. ಬೇಕಾದ್ರ ನಿಮಗೂ ಒಂದು ಕೊಡತೇನಿ. ಜೆನರಸ್. ದೊಡ್ಡ ಮನಸಿನಾಂವ ಅಂತ ಅರ್ಥ. ಮುಂದಿನ ಶನಿವಾರದ ತನಕಾ ಹಂಗ ಇದ್ದು ತೋರಸ್ರಿ.”

ಅಪ್ಪ ಯಾಲಕ್ಕಿ ನೋಡಿದ, ಹಲಗೆ ನೋಡಿದ, ನನ್ನನ್ನು ನೋಡಿದ. ಯಾಲಕ್ಕಿಯನ್ನು ಕಿಸೆಗೆ ಹಾಕಿಕೊಂಡು ಹೊರಟುಹೋದ. ಮೂರನೆಯ ದಿನ ಅಂಗಡಿ ಮುಚ್ಚಿ, ಬಿಳಿ ಅಂಗಿ ತೊಟ್ಟು ಬೈಲಹೊಂಗಲದ ಬಸ್ಸು ಹತ್ತಿದ. ಸಂಜೆ ಬಂದು, ಚಿಗವ್ವ ಒಳಗಿನ ಕೋಣೆ ನಿನಗೆ ಬಿಟ್ಟುಕೊಡುತ್ತಾಳಂತೆ ಎಂದ. ನಾನು ಅವ್ವನನ್ನು ಹಿಡಿದು ಅಡುಗೆಮನೆಯ ತುಂಬ ಗಿರಗಿರ ತಿರುಗಿಸಿದೆ. ಹೊರಗೆ ಅಪ್ಪ ತನ್ನಷ್ಟಕ್ಕೆ ಜೆನರಸ್, ಜೆನರಸ್ ಎಂದು ಬಾಯಿಯಲ್ಲಿ ಹೊರಳಿಸಿ ನೋಡುತ್ತಿದ್ದ.

ಪರೀಕ್ಷೆ ಮುಗಿಯುವ ಹೊತ್ತಿಗೆ ಅಕ್ಕೋರಿಗೆ ಸವದತ್ತಿಗೆ ವರ್ಗವಾಯಿತು. ಬೀಳ್ಕೊಡುವ ದಿನ, ಈ ಸಲ ನಾವೇ ಅವರ ಕಿವಿಯಲ್ಲಿ ಶಬ್ದ ಹೇಳುವುದು ಎಂದು ಹುಡುಗಿಯರು ಠರಾಯಿಸಿದರು. ಒಬ್ಬಳು ಗ್ಲೋರಿಯಸ್ ಅಂದಳು, ಇನ್ನೊಬ್ಬಳು ಮ್ಯಾಗ್ನಿಫಿಸೆಂಟ್ ಅಂದಳು. ನಾನೂ ಒಂದು ಭಾರಿ ಶಬ್ದ ಹುಡುಕಿಟ್ಟುಕೊಂಡು ಹೋಗಿದ್ದೆ. ಅವರ ಕಿವಿಯ ಹತ್ತಿರ ಬಾಯಿ ಒಯ್ದಾಗ ಅದು ಎಲ್ಲಿ ಹೋಯಿತೋ... “ಹೋಗಬ್ಯಾಡ್ರಿ ಅಕ್ಕೋರ,” ಅಂದೆ. ಅವರು ನಗಲಿಲ್ಲ. ನನ್ನ ಕೆನ್ನೆ ಒರೆಸಿ, “ಇದರ ಅರ್ಥಾ ಯಾರಿಗೂ ಹೇಳೂದು ಬ್ಯಾಡವ್ವಾ, ಎಲ್ಲಾರಿಗೂ ತಿಳದೈತಿ,” ಎಂದರು.

ಬೈಲಹೊಂಗಲದಲ್ಲಿ ಕಲಿತು ಮುಂದೆ ನಾನೂ ಇಂಗ್ಲಿಷ್ ಕಲಿಸಿದೆ, ಅದೇ ಆಟ ಆಡಿಸಿದೆ. ಹೋದ ತಿಂಗಳು, ತಾಯತ ಕಟ್ಟಿಸಿಕೊಂಡಿದ್ದ ಆ ಗೆಳತಿ ಫೋನು ಮಾಡಿ, ಅಕ್ಕೋರು ತೀರಿಕೊಂಡರಂತೆ ಎಂದಳು. ಮಣ್ಣಿಗೆ ಹೋಗಲೂ ಆಗಲಿಲ್ಲ, ಸುದ್ದಿ ಬಂದದ್ದೇ ತಡವಾಗಿ. ಬಹಳ ಸಂಕಟವಾಯಿತು. ಹಿಡಿದದ್ದನ್ನು ಬಿಡಬೇಡ ಎಂದು ಕಲಿಸಿದವರನ್ನೇ ಬಿಟ್ಟುಕೊಡಬೇಕಾಗಿ ಬಂತು.

ಮೊನ್ನೆ ಚಹಾ ಉಕ್ಕಿ ಹೋಯಿತು, ನೋಡಲೇ ಇಲ್ಲ. ಜಜ್ಜಿದ ಯಾಲಕ್ಕಿಯನ್ನು ಮೂಗಿಗೆ ಹಿಡಿದು, ಅದೇ ಮಾತನ್ನು ಇನ್ನೊಮ್ಮೆ ಮೆಲ್ಲಗೆ ಹೇಳಿದೆ. ಹೋಗಬ್ಯಾಡ್ರಿ ಅಕ್ಕೋರ.