ಕೂದಲೆಳೆಯಷ್ಟು ಮೇಲಿನ ಗಾಂಧಾರ

ಸ್ಯಾಲಿಸ್‌ಬರಿಯ ಹೋರ್ಸ್ಟ್ ಅಜ್ಜನಿಗೆ ಎಪ್ಪತ್ತಮೂರು ತುಂಬಿದಾಗ ಇದ್ದದ್ದು ಒಂದೇ ಹೆದರಿಕೆ: ಕಿವಿ ಕೈಕೊಟ್ಟರೆ ಗತಿಯೇನು? ಜರ್ಮನಿಯಲ್ಲಿ ಹದಿನಾಲ್ಕಕ್ಕೇ ಪಿಯಾನೋ ಕಾರ್ಖಾನೆ ಸೇರಿ, ಇಪ್ಪತ್ತೈದಕ್ಕೆ ಆಸ್ಟ್ರೇಲಿಯಾದ ಅಡಿಲೇಡಿಗೆ ಬಂದು, ಊರಂಚಿನ ಈ ಸ್ಯಾಲಿಸ್‌ಬರಿಯ ಹಿತ್ತಿಲ ಶೆಡ್ಡಿನಲ್ಲಿ ನಲವತ್ತೊಂದು ಪಿಯಾನೋ ಕಟ್ಟಿದವರು ಅವರು. ಕಟ್ಟಿ ಕಳಿಸಿದರೂ ಅವುಗಳ ಕಾಟ ತಪ್ಪಿರಲಿಲ್ಲ. ಪರ್ತಿನ ಒಣ ಬಿಸಿಲಿಗೆ ಹಲಗೆ ಬಿರಿಯುತ್ತಿತ್ತು, ಬ್ರಿಸ್ಬೇನಿನ ಸೆಕೆಗೆ ಕೀಗಳು ಉಬ್ಬಿ ಒತ್ತಿದಲ್ಲೇ ಕೂರುತ್ತಿದ್ದವು. ಅಜ್ಜ ಬೈದುಕೊಂಡೇ ಚೀಲ ಹೊತ್ತು ವಿಮಾನ ಹತ್ತುತ್ತಿದ್ದರು. ಕಿವಿ ಸುಳ್ಳು ಹೇಳಿದ ದಿನ ಶೆಡ್ಡಿಗೆ ಬೀಗ ಎಂದು ಊರಿಗೆಲ್ಲ ಹೇಳಿಟ್ಟಿದ್ದರು.

ಅದೇ ವರ್ಷ, ೨೦೧೪ರಲ್ಲಿ, ಹತ್ತಿರದ ಮಾಡ್ಬರಿಯ ಗೌರಿ ಮಗಳಿಗೆಂದು ಹಳೆಯ ಪಿಯಾನೋ ಕೊಂಡು, ಶ್ರುತಿ ಮಾಡಿಕೊಡಲು ಅಜ್ಜನನ್ನು ಕರೆಸಿದಳು. ಮೈಸೂರಿನವಳು, ಹಗಲು ಆಸ್ಪತ್ರೆಯ ಲ್ಯಾಬಿನಲ್ಲಿ ಕೆಲಸ, ಸಂಜೆ ಮಕ್ಕಳಿಗೆ ಸಂಗೀತ ಪಾಠ. ಕೆಲಸ ಮುಗಿದ ಮೇಲೆ ಒಂದೊಂದೇ ಕೀ ಒತ್ತಿ ನೋಡಿ, ಕತ್ತು ಓರೆ ಮಾಡಿದಳು.

“ಅಂಕಲ್, ಬೇಜಾರ್ ಮಾಡ್ಕೋಬೇಡಿ. ಇದು ಸ ಆದ್ರೆ, ಈ ಗ ಒಂದು ಕೂದಲೆಳೆ ಮೇಲಿದೆ.”

ಅಜ್ಜ ಮತ್ತೆ ತಂತಿಯ ಬಿರಡೆ ತಿರುಗಿಸಿದರು. ಗೌರಿ ಮತ್ತೆ ಕತ್ತು ಓರೆ ಮಾಡಿದಳು. ಮೂರನೇ ಸಲವೂ ಅದೇ ಕತ್ತು. ಅಜ್ಜನ ಮುಖ ಇಳಿದುಹೋಯಿತು. ಅವರು ಸಾಮಾನು ಚೀಲಕ್ಕೆ ತುಂಬತೊಡಗಿದರು.

“ನನ್ನ ಕಿವಿ ಹೋಯ್ತಮ್ಮ. ಬೇರೆ ಯಾರನ್ನಾದ್ರೂ ಕರೆಸು.”

“ಅಮ್ಮಾ, ಯು ಮೇಡ್ ಹಿಮ್ ಸ್ಯಾಡ್,” ಎಂದಳು ಮಗಳು ಮಾಲವಿಕಾ.

ಗೌರಿಗೆ ಪಿಚ್ಚೆನಿಸಿತು. ಆದರೂ ಗಾಂಧಾರದ ವಿಷಯದಲ್ಲಿ ಬಿಟ್ಟುಕೊಡುವ ಹೆಂಗಸಲ್ಲ. ಒಳಗಿಂದ ತಂಬೂರಿ ತಂದು, ಪಿಯಾನೋದ ಅದೇ ಸ-ಗೆ ಕೂಡಿಸಿ ಮೀಟಿದಳು. “ನಾನು ಸ, ಪ ಅಷ್ಟೇ ಕೂಡಿಸಿರೋದು. ಗ ತಾನಾಗೇ ಕೇಳ್ಸುತ್ತೆ, ನೋಡಿ.”

ಅಜ್ಜ ಒಲ್ಲದ ಮನಸ್ಸಿನಿಂದ ಕಿವಿಗೊಟ್ಟರು. ಆಮೇಲೆ ಪಿಯಾನೋದ ಗ ಒತ್ತಿದರು. ಎರಡೂ ಸೇರದೆ ಗುಂಯ್‌ಗುಡುತ್ತಾ ಒಂದಕ್ಕೊಂದು ತಿಕ್ಕಾಡಿದವು. ಅಜ್ಜ ಹೊಟ್ಟೆ ಹಿಡಿದು ನಕ್ಕರು. ಹೆದರಿಕೆಯಲ್ಲಿ ಕಸುಬಿನ ಮೊದಲ ಪಾಠವೇ ಮರೆತುಹೋಗಿತ್ತು.

“ಅದು ನಾನು ಬೇಕಂತಲೇ ಮಾಡಿದ ತಪ್ಪು ಕಣಮ್ಮ. ಪಿಯಾನೋದಲ್ಲಿ ಯಾವ ಕೀ ಬೇಕಾದ್ರೂ ಸ ಆಗಬೇಕಲ್ಲ. ಒಂದು ಗ ಸರಿ ಮಾಡಿದ್ರೆ ಇನ್ನೊಂದು ಕೆಡುತ್ತೆ. ಅದಕ್ಕೇ ತಪ್ಪನ್ನ ಹನ್ನೆರಡು ಸ್ವರಕ್ಕೂ ಹಂಚಿಬಿಡ್ತೀವಿ. ನನಗೆ ಕೂಲಿ ಕೊಡೋದೇ ಅದಕ್ಕೆ. ಇಷ್ಟು ವರ್ಷದಲ್ಲಿ ಹಿಡಿದವಳು ನೀನೊಬ್ಬಳೇ.”

“ನಿಮಗೂ ಕೇಳ್ಸಿತಲ್ಲ, ಅಂಕಲ್.”

ಅಜ್ಜನ ನಗು ನಿಂತಿತು. ಹೌದು, ಕೇಳಿಸಿತ್ತು, ಆ ಕೂದಲೆಳೆಯಷ್ಟು ಅಂತರವೂ ಸ್ಪಷ್ಟವಾಗಿ. ಕಣ್ಣು ತುಂಬಿ ಬಂತು; ಅದನ್ನು ಮರೆಮಾಚಲು ಮೂಗು ಒರೆಸಿಕೊಂಡರು. ಗೌರಿ ತಂಬೂರಿ ಕೆಳಗಿಡಹೋದಾಗ ಬೇಡವೆಂದು ಕೈಸನ್ನೆ ಮಾಡಿ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತರು. ಐವತ್ತೊಂಬತ್ತು ವರ್ಷ ತಮ್ಮ ಕೈಯಾರೆ ಕೆಡಿಸುತ್ತಾ ಬಂದ ಗಾಂಧಾರ ಕೆಡದಿದ್ದರೆ ಹೇಗಿರುತ್ತದೆಂದು ಪುರಸೊತ್ತಾಗಿ ಆಲಿಸಿದರು.